ನಮ್ಮ ಮರದ ಮೂವತ್ತೊಂದು ತೂತು

ಮರ ಮುರಿಯೋ ಸದ್ದು ಹೇಗಿರುತ್ತೆ ಅಂತ ನನಗೆ ಗೊತ್ತು ಅಂದ್ಕೊಂಡಿದ್ದೆ. ಶಿರಸಿ ಕಡೆಯವನು ನಾನು. ಮಳೆಗಾಲದ ರಾತ್ರಿ ಬೆಟ್ಟದ ಕಡೆಯಿಂದ ಮೊದಲು ಒಂದು ನರಳಾಟ, ಆಮೇಲೆ ಸರ್ರ್ ಅಂತ ಎಲೆಗಳ ಸದ್ದು, ಕೊನೆಗೆ ನೆಲ ಅದುರೋ ಹಾಗೆ ಧೊಪ್. ಆದ್ರೆ 2023ರ ಜನವರಿಯ ಕೊನೆಯ ರಾತ್ರಿ ಆಸ್ಟಿನ್‌ನಲ್ಲಿ ಕೇಳಿದ್ದು ಅದಲ್ಲ. ಅದು ಪಟಾಕಿ. ದೂರದಲ್ಲಿ ಒಂದು, ಪಕ್ಕದ ಬೀದಿಯಲ್ಲಿ ಒಂದು, ಆಮೇಲೆ ಕಿವಿಯ ಬುಡದಲ್ಲೇ ಒಂದು. ಪ್ರತಿ ಪಟಾಕಿಯ ಹಿಂದೆಯೇ ಗಾಜಿನ ಅಂಗಡಿ ಕುಸಿದುಬಿದ್ದ ಹಾಗೆ ಇನ್ನೊಂದು ಸದ್ದು.

ಮಳೆ ಬೀಳ್ತಾ ಇತ್ತು, ಬಿದ್ದಲ್ಲೇ ಐಸ್ ಆಗ್ತಾ ಇತ್ತು. ಚಳಿದೇಶದ ಮರಗಳಾದ್ರೆ ಆ ಹೊತ್ತಿಗೆ ಎಲೆ ಉದುರಿಸಿ ಬೋಳಾಗಿ ನಿಂತಿರ್ತವೆ, ಐಸ್‌ಗೆ ಹಿಡ್ಕೊಳ್ಳೋಕೆ ಜಾಗ ಕಡಿಮೆ. ನಮ್ಮೂರಿನ ಲೈವ್ ಓಕ್ ಹಾಗಲ್ಲ. ಚಳಿಗಾಲದಲ್ಲೂ ಹಸಿರಾಗಿರುತ್ತೆ ಅಂತಲೇ ಅದಕ್ಕೆ ಆ ಹೆಸರು. ಒಂದೊಂದು ಪುಟ್ಟ ಎಲೆಗೂ ಐಸ್‌ನ ಕವಚ. ಎಲೆ ಎಷ್ಟು ಸಾವಿರ ಅಂತ ಲೆಕ್ಕ ಹಾಕೋರ್ಯಾರು? ಮುನ್ನೂರು ವರ್ಷದ ಮರ ಕೂಡ ಅಷ್ಟು ಭಾರ ಹೊರೋಕೆ ಅಂತ ಬೆಳೆದಿರಲ್ಲ. ಬೆಳಗ್ಗೆ ಎದ್ದಾಗ ಕರೆಂಟ್ ಇರಲಿಲ್ಲ. 2021ರ ಫೆಬ್ರವರಿಯಲ್ಲಿ ಟೆಕ್ಸಾಸ್ ಪೂರ್ತಿ ಹೆಪ್ಪುಗಟ್ಟಿದ್ದಾಗಿನ ಅನುಭವ ಇದ್ದವರು ನಾವು, ಆದ್ರಿಂದ ಮೊಂಬತ್ತಿ, ಗ್ಯಾಸ್ ಸ್ಟವ್, ಮ್ಯಾಗಿ ಎಲ್ಲ ರೆಡಿ ಇತ್ತು. ರೆಡಿ ಇಲ್ಲದೇ ಇದ್ದದ್ದು ಹಿತ್ತಲಿನ ದೃಶ್ಯಕ್ಕೆ.

ಹಿತ್ತಲಲ್ಲಿ ನಮ್ಮದೊಂದು ಲೈವ್ ಓಕ್ ಇದೆ. ಮನೆ ತಗೊಂಡಿದ್ದೇ ಅದನ್ನ ನೋಡಿ ಅಂತ ಬಂದವರಿಗೆಲ್ಲ ಹೇಳ್ತಿದ್ದೆ. (ನಿಜವಾಗಿ ತಗೊಂಡಿದ್ದು ಸ್ಕೂಲ್ ಡಿಸ್ಟ್ರಿಕ್ಟ್ ನೋಡಿ. ಇರಲಿ.) ಅದರ ಒಂದು ದೊಡ್ಡ ಕೊಂಬೆ, ನನ್ನ ಸೊಂಟದಷ್ಟು ದಪ್ಪದ್ದು, ಬುಡದಲ್ಲಿ ಅರ್ಧ ಸೀಳಿ, ತೊಗಟೆಯ ಒಂದು ಪಟ್ಟಿ ಹಿಡ್ಕೊಂಡು, ಮಾಡಿನ ಮೇಲೆ ಓರೆಯಾಗಿ ನೇತಾಡ್ತಾ ಇತ್ತು. ಅದರ ನೇರ ಕೆಳಗೆ ಆರು ವರ್ಷದ ಮಗಳ ರೂಮು.

ಫೋನ್ ಮಾಡಿದ ಮರದ ಕಂಪನಿಗಳೆಲ್ಲ ಒಂದೇ ಉತ್ತರ ಕೊಟ್ರು: ಮೂರು ವಾರ ಕಾಯಿರಿ. ಇಡೀ ಊರೇ ಮುರಿದುಬಿದ್ದಿತ್ತಲ್ಲ. ಮಗಳನ್ನ ನಮ್ಮ ರೂಮಲ್ಲಿ ಮಲಗಿಸಿಕೊಂಡು ಎರಡು ರಾತ್ರಿ ಕಳೆದ್ವಿ. ಗಾಳಿ ಬೀಸಿದಾಗಲೆಲ್ಲ ಮಾಡಿನ ಮೇಲೆ ಯಾರೋ ಕುರ್ಚಿ ಎಳೆದ ಹಾಗೆ ಕರ್ರ್ ಅನ್ನೋದು. ಮೂರನೇ ದಿನ ಬಾಗಿಲು ತಟ್ಟಿದ ಸದ್ದು. ಒಬ್ಬ ಹಿರಿಯ, ಒಬ್ಬ ಹುಡುಗ, ಹಿಂದೆ ಪಿಕಪ್ ಟ್ರಕ್ಕು, ಅದರಲ್ಲಿ ಗರಗಸ, ಹಗ್ಗ, ಏಣಿ. ಅಂಥವರು ಆ ವಾರ ಬೀದಿಬೀದಿ ಸುತ್ತುತ್ತಾ ಇದ್ರು. ಟೆಕ್ಸಾಸ್‌ನಲ್ಲಿ ಕೂದಲು ಕತ್ತರಿಸೋಕೆ ರಾಜ್ಯದ ಲೈಸೆನ್ಸ್ ಬೇಕು, ಮರ ಕತ್ತರಿಸೋಕೆ ಬೇಡ. 600 ಡಾಲರ್, ಕ್ಯಾಶ್, ಇವತ್ತೇ ಮುಗಿಸ್ತೀವಿ ಅಂದ. ನಾನು ಚೌಕಾಸಿನೂ ಮಾಡಲಿಲ್ಲ.

ಹುಡುಗ ಮರದ ಬುಡದಲ್ಲಿ ಕೂತು ಮೊಣಕಾಲಿನ ಕೆಳಗೆ ಎರಡು ಉಕ್ಕಿನ ಪಟ್ಟಿ ಕಟ್ಟಿಕೊಂಡ. ಒಳಪಾದದ ಪಕ್ಕದಲ್ಲಿ ಹದ್ದಿನ ಉಗುರಿನ ಹಾಗೆ ಕೆಳಕ್ಕೆ ಚಾಚಿದ ಒಂದೊಂದು ಮುಳ್ಳು. ಸೊಂಟದ ಬೆಲ್ಟಿಂದ ಮರವನ್ನ ಬಳಸಿ ಒಂದು ದಪ್ಪ ಹಗ್ಗ. ಆಮೇಲೆ ಚಕ್, ಚಕ್, ಚಕ್. ಹತ್ತು ಸೆಕೆಂಡಲ್ಲಿ ನನ್ನ ತಲೆಗಿಂತ ಮೇಲೆ. ನಿಜ ಹೇಳ್ಬೇಕು ಅಂದ್ರೆ ನನಗೆ ಖುಷಿಯಾಯ್ತು. ಕೆಲಸ ಗೊತ್ತಿರೋರು ಕೆಲಸ ಮಾಡೋದನ್ನ ನೋಡೋ ಖುಷಿ. ಫೋನ್ ತೆಗೆದು ವಿಡಿಯೋ ಕೂಡ ಮಾಡ್ಕೊಂಡೆ, ಅಪ್ಪಂಗೆ ಕಳಿಸೋಣ ಅಂತ.

ಆಗ ಬೇಲಿ ಆಚೆಯಿಂದ ಕೂಗು. ಪಕ್ಕದ ಮನೆಯ ರಿಟೈರ್ಡ್ ಟೀಚರಮ್ಮ. ಆಸ್ಟಿನ್‌ನಲ್ಲೇ ಹುಟ್ಟಿ ಬೆಳೆದವರು. ಇಲ್ಲಿ ಟ್ರೀಟಿ ಓಕ್ ಅಂತ ಸುಮಾರು ಐನೂರು ವರ್ಷದ ಮರ ಇದೆ. 1989ರಲ್ಲಿ ಅದಕ್ಕೆ ಒಬ್ಬ ಕಳೆನಾಶಕ ಸುರಿದ, ಮರದ ಮೂರನೇ ಎರಡು ಭಾಗ ಸತ್ತುಹೋಯ್ತು, ಅವನಿಗೆ ಜೈಲಾಯ್ತು. ಮರ ಬೇಗ ಗುಣವಾಗಲಿ ಅಂತ ಜನ ಆಗ ಕಾರ್ಡ್ ಬರೆದು ಬುಡದಲ್ಲಿ ಇಟ್ಟು ಬಂದಿದ್ರಂತೆ. ತನ್ನ ಕ್ಲಾಸಿನ ಮಕ್ಕಳ ಹತ್ರ ಕಾರ್ಡ್ ಬರೆಸಿದವರಲ್ಲಿ ನಮ್ಮ ಟೀಚರಮ್ಮನೂ ಒಬ್ರು. ಅಂಥವರು ಸುಮ್ಮನಿರ್ತಾರಾ?

"ಆ ಹುಡುಗ ಸ್ಪೈಕ್ ಹಾಕ್ಕೊಂಡು ಹತ್ತುತ್ತಾ ಇದ್ದಾನೆ, ಗೊತ್ತಾ ನಿಂಗೆ?"

"ಹೌದು, ನೋಡ್ತಾ ಇದ್ದೀನಿ."

"ಮರ ಕಡೀತಾ ಇದ್ದೀಯಾ?"

"ಇಲ್ಲ, ಮುರಿದ ಕೊಂಬೆ ತೆಗೆಸ್ತಾ ಇದ್ದೀನಿ."

"ಸ್ಪೈಕ್ ಇರೋದು ಕಡಿಯೋ ಮರಕ್ಕೆ. ಬದುಕೋ ಮರಕ್ಕಲ್ಲ."

ನಾನು ಪೆಚ್ಚಾಗಿ ಹಿರಿಯನ ಮುಖ ನೋಡಿದೆ. ಅವನು ಮೇಲೆ ನೋಡಿ ಸ್ಪ್ಯಾನಿಷ್‌ನಲ್ಲಿ ಏನೋ ಹೇಳಿದ. ಹುಡುಗ ಅಲ್ಲೇ ನಿಂತ, ಮುಳ್ಳು ಚುಚ್ಚಿಕೊಂಡೇ. ಅವನು ಹೇಳಿದ್ದನ್ನ ಹಿರಿಯ ನಂಗೆ ಇಂಗ್ಲಿಷಿಗೆ ಮಾಡಿ ಹೇಳಿದ: ಸ್ಪೈಕ್ ಬೇಡ ಅಂದ್ರೆ ಮೇಲಿನ ಯಾವುದಾದ್ರೂ ಕೊಂಬೆಗೆ ಹಗ್ಗ ಎಸೆದು ಅದರ ಮೇಲೆ ಜೋತುಬೀಳಬೇಕು. ಈ ಮರದಲ್ಲಿ ಮೊನ್ನೆ ರಾತ್ರಿ ಯಾವ ಕೊಂಬೆ ಒಳಗೊಳಗೇ ಬಿರುಕು ಬಿಟ್ಟಿದೆಯೋ ಗೊತ್ತಿಲ್ಲ. ಯಾವುದಕ್ಕೆ ಹಾಕ್ಲಿ, ನೀವೇ ತೋರಿಸಿ.

ನನ್ನ ಹತ್ರ ಉತ್ತರ ಇರಲಿಲ್ಲ. ಟೀಚರಮ್ಮನ ಹತ್ರಾನೂ ಇರಲಿಲ್ಲ. ಮಗಳ ರೂಮಿನ ಮಾಡು ಕರ್ರ್ ಅಂತು. ನಾನು ಮುಂದುವರಿಸಿ ಅಂದೆ.

ಇಲ್ಲಿಗೆ ನಿಂತಿದ್ರೆ ಇದನ್ನ ಬರೀತಾನೇ ಇರಲಿಲ್ಲ. ಮುಕ್ಕಾಲು ಗಂಟೆಯಲ್ಲಿ ಆ ದೊಡ್ಡ ಕೊಂಬೆಯನ್ನ ತುಂಡು ತುಂಡಾಗಿ ಹಗ್ಗದಲ್ಲಿ ಇಳಿಸಿದ್ರು. ಮಾಡಿಗೆ ಒಂದು ಹೆಂಚಿನಷ್ಟು ಪೆಟ್ಟು ಬಿಟ್ರೆ ಏನೂ ಆಗಲಿಲ್ಲ. ಹುಡುಗ ಇಳಿಯೋಕೆ ತಯಾರಾದ. ಆಗ ನನ್ನ ಬಾಯಿಂದ ಒಂದು ಮಾತು ಬಂತು. ಅದನ್ನ ಈಗಲೂ ನನ್ನದೇ ದನಿಯಲ್ಲಿ ಕೇಳ್ತೀನಿ: "ಹೆಂಗೂ ಮೇಲಿದ್ದಾನಲ್ಲ, ಆ ಎಡಗಡೆಯ ಎರಡು ಕೊಂಬೆನೂ ಸ್ವಲ್ಪ ಸವರಿಬಿಡ್ತಾನಾ? ಅಂಗಳಕ್ಕೆ ಬಿಸಿಲು ಬರಲ್ಲ."

ಅವು ಮುರಿದ ಕೊಂಬೆಗಳಲ್ಲ. ಅವುಗಳ ಕೆಳಗೆ ಯಾರೂ ಮಲಗ್ತಾ ಇರಲಿಲ್ಲ. ನೂರು ಡಾಲರ್ ಜಾಸ್ತಿ ಅಂದ ಹಿರಿಯ. ಸರಿ ಅಂದೆ. ಚಕ್, ಚಕ್, ಚಕ್. ಬೇಲಿ ಆಚೆ ಟೀಚರಮ್ಮ ಇನ್ನೂ ನಿಂತೇ ಇದ್ರು. ಏನೂ ಹೇಳಲಿಲ್ಲ. ಒಳಗೆ ಹೋಗಿ ಒಂದು ಡಬ್ಬ ಕಪ್ಪು ಪೇಂಟ್ ತಂದು ಬೇಲಿ ಮೇಲಿಟ್ರು. "ಫೆಬ್ರವರಿ ಶುರುವಾಗಿದೆ. ಪ್ರತಿ ತೂತಿಗೂ ಹಚ್ಚಿಸು," ಅಂದು ಹೋದ್ರು.

ಪೇಂಟ್ ಯಾಕೆ ಅಂದ್ರೆ ಓಕ್ ವಿಲ್ಟ್. ನಮ್ಮ ಕಡೆ ಅಡಿಕೆಗೆ ಕೊಳೆರೋಗ ಹೇಗೋ, ಇಲ್ಲಿನ ಓಕ್‌ಗೆ ಇದು ಹಾಗೆ, ಇನ್ನೂ ಕೆಟ್ಟದ್ದು. ಶಿಲೀಂಧ್ರದ ರೋಗ. ಸತ್ತ ರೆಡ್ ಓಕ್‌ಗಳ ತೊಗಟೆಯಡಿ ಬೆಳೆಯೋ ಶಿಲೀಂಧ್ರದ ಚಾಪೆಯಿಂದ ಸಣ್ಣ ಜೀರುಂಡೆಗಳು ಬೀಜಾಣು ಹೊತ್ತು ಬರ್ತವೆ, ಬೇರೆ ಮರದ ಹಸಿಗಾಯದ ರಸದ ವಾಸನೆ ಹಿಡಿದು ಬಂದು ಕೂರ್ತವೆ. ಲೈವ್ ಓಕ್‌ಗಳು ನೆಲದಡಿ ಒಂದರ ಬೇರು ಇನ್ನೊಂದಕ್ಕೆ ಬೆಸೆದುಕೊಂಡಿರ್ತವೆ. ಒಂದಕ್ಕೆ ಬಂದ್ರೆ ಸಾಲಿಗೆಲ್ಲ ಬಂತು ಅಂತಲೇ ಲೆಕ್ಕ, ವರ್ಷಕ್ಕೆ ಸರಾಸರಿ 75 ಅಡಿ ಮುಂದೆ ಹೋಗುತ್ತೆ. ಅದಕ್ಕೇ ಟೆಕ್ಸಾಸ್ ಎ ಅಂಡ್ ಎಂ ಫಾರೆಸ್ಟ್ ಸರ್ವಿಸ್‌ನವರು ಫೆಬ್ರವರಿಯಿಂದ ಜೂನ್ ತನಕ ಓಕ್ ಸವರಬೇಡಿ, ಗಾಯ ಆದ್ರೆ ಯಾವ ಕಾಲದಲ್ಲೇ ಆಗ್ಲಿ ತಕ್ಷಣ ಪೇಂಟ್ ಹಚ್ಚಿ ಅಂತ ಹೇಳ್ತಾರೆ. ಅಂದ್ರೆ ನನ್ನ ಮರದ ಗಾಯ ನನ್ನದಷ್ಟೇ ಅಲ್ಲ. ಟೀಚರಮ್ಮನ ಮರ ಬೇಲಿಯಿಂದ ಇಪ್ಪತ್ತು ಅಡಿ ದೂರದಲ್ಲಿತ್ತು.

ಹುಡುಗ ಬೇಜಾರಿಲ್ಲದೆ ಡಬ್ಬ ಸೊಂಟಕ್ಕೆ ಸಿಕ್ಕಿಸಿಕೊಂಡು, ಮೇಲಿಂದ ಇಳೀತಾ ತನ್ನ ಒಂದೊಂದು ಹೆಜ್ಜೆಗೂ ತಾನೇ ಪೇಂಟ್ ಬಳಿದ. ಕಾಂಡದ ಮೇಲೆ ಬಳಿಯೋ ಕೆಲಸ ನಾನು ಏಣಿ ಹಾಕ್ಕೊಂಡು ಮಾಡಿದೆ. 14 ತೂತು. ಕಿರುಬೆರಳ ತುದಿ ಹೋಗೋವಷ್ಟು. ಕೆಲವು ಒಣಗಿದ್ದವು, ಕೆಲವಲ್ಲಿ ಅಂಟು ಅಂಟು ತೇವ.

ಕರೆಂಟ್ ಬಂದ ರಾತ್ರಿ ಕೂತು ಓದಿದೆ. ಸಾಫ್ಟ್‌ವೇರ್‌ನವರ ಚಟ ಗೊತ್ತಲ್ಲ, ಪ್ರೊಡಕ್ಷನ್‌ಗೆ ಹಾಕಿಯಾದ ಮೇಲೆ ಡಾಕ್ಯುಮೆಂಟೇಷನ್ ಓದೋದು. ಮರದ ಸವರುವಿಕೆಗೆ ಅಮೆರಿಕದಲ್ಲಿ ಆನ್ಸಿ ಎ300 ಅಂತ ಒಂದು ಮಾನದಂಡ ಇದೆ. ಅದು ಟೀಚರಮ್ಮ ಹೇಳಿದ್ದನ್ನೇ ಹೇಳುತ್ತೆ: ಬದುಕಿರೋ ಮರವನ್ನ ಸವರೋಕೆ ಸ್ಪೈಕ್ ಹಾಕ್ಕೊಂಡು ಹತ್ತಬಾರದು. ಆದ್ರೆ ವಿನಾಯಿತಿಗಳೂ ಇವೆ. ಕೊಂಬೆಗಳು ಹಗ್ಗ ಎಸೆದ್ರೂ ಸಿಗದಷ್ಟು ದೂರ ದೂರ ಇದ್ದು ಬೇರೆ ದಾರಿಯೇ ಇಲ್ಲದಿದ್ರೆ ಆಗಬಹುದು. ಒಳಗಿನ ಪದರಕ್ಕೆ ಮುಳ್ಳು ತಾಗದಷ್ಟು ತೊಗಟೆ ದಪ್ಪ ಇದ್ರೆ ಆಗಬಹುದು. ಮೇಲೆ ಸಿಕ್ಕಿಬಿದ್ದ ಮನುಷ್ಯನನ್ನ ಇಳಿಸೋಕಂತೂ ಯಾರೂ ಪ್ರಶ್ನೆ ಕೇಳಲ್ಲ. ಈ ಸ್ಪೈಕ್‌ಗಳು ಕರೆಂಟ್ ಕಂಬ ಹತ್ತೋ ಲೈನ್‌ಮನ್‌ಗಳ ಹತ್ರಾನೂ ಇರ್ತವೆ. ಇಲ್ಲಿನ ಕಂಬ ಮರದ್ದು, ಸತ್ತ ಮರ. ಕಂಬಕ್ಕೆ ಗಿಡ್ಡ ಮುಳ್ಳು, ದಪ್ಪ ತೊಗಟೆಯ ಮರಕ್ಕೆ ಉದ್ದ ಮುಳ್ಳು. ಕಂಬಕ್ಕೆ ಎಷ್ಟು ಚುಚ್ಚಿದ್ರೂ ಅದಕ್ಕೆ ಹೇಳೋಕೆ ಏನೂ ಇಲ್ಲ.

ಬದುಕಿರೋ ಮರದ ಕಥೆ ಬೇರೆ. ಹೊರತೊಗಟೆಯ ಒಳಗೆ ಒಂದು ಮೆತ್ತನೆಯ ಒಳತೊಗಟೆ, ಎಲೆಯಲ್ಲಿ ತಯಾರಾದ ಸಕ್ಕರೆ ಬೇರಿಗೆ ಇಳಿಯೋದು ಅದರಲ್ಲಿ. ಅದರ ಒಳಗೆ ಕಾಗದದಷ್ಟು ತೆಳ್ಳಗಿನ ಕ್ಯಾಂಬಿಯಂ, ಮರ ದಪ್ಪ ಆಗೋದೇ ಆ ಪದರದಿಂದ. ಹೊರತೊಗಟೆ ತೆಳ್ಳಗಿದ್ರೆ ಮುಳ್ಳು ಇವೆರಡನ್ನೂ ದಾಟಿ ಒಳಗಿನ ಹಸಿಮರಕ್ಕೆ ಇಳಿಯುತ್ತೆ.

ನಮಗೆ ಗಾಯ ಆದ್ರೆ ಆ ಜಾಗದಲ್ಲಿ ಹೊಸ ಚರ್ಮ ಹುಟ್ಟುತ್ತೆ. ಮರಕ್ಕೆ ಹಾಗಲ್ಲ ಅಂತ ಜನಕ್ಕೆ ಅರ್ಥ ಮಾಡಿಸಿದವರು ಅಲೆಕ್ಸ್ ಶೈಗೋ ಅನ್ನೋ ಅಮೆರಿಕದ ಅರಣ್ಯ ಇಲಾಖೆಯ ವಿಜ್ಞಾನಿ. ಅವರಿಗಿಂತ ಮುಂಚೆ ಹೆಚ್ಚಿನವರು ಮರವನ್ನ ಅಡ್ಡ ಕತ್ತರಿಸಿ ಉಂಗುರ ನೋಡ್ತಿದ್ರು. ಇವರು ಚೈನ್ ಗರಗಸ ತಗೊಂಡು ಉದ್ದಕ್ಕೆ ಸೀಳಿದ್ರು, ಸಾವಿರಗಟ್ಟಲೆ ಮರಗಳನ್ನ. ಗಾಯವಾದ ಅಂಗಾಂಶವನ್ನ ಮರ ರಿಪೇರಿ ಮಾಡೋಕೆ ಹೋಗಲ್ಲ. ಅದರ ಸುತ್ತ ಗೋಡೆ ಕಟ್ಟಿ, ಆ ಕೋಣೆಯನ್ನ ಬಿಟ್ಟುಕೊಟ್ಟು, ಹೊರಗಡೆ ಹೊಸ ಮರವನ್ನ ಬೆಳೆಸುತ್ತೆ. ಕೋಣೆ ಒಳಗೇ ಉಳಿಯುತ್ತೆ, ಮರ ಬದುಕಿರೋ ತನಕ. 1977ರಲ್ಲಿ ಅವರು ಇದನ್ನ ನಾಲ್ಕು ಗೋಡೆಗಳ ಲೆಕ್ಕದಲ್ಲಿ ಬರೆದಿಟ್ರು. ಆ ನಾಲ್ಕರಲ್ಲಿ ತೀರಾ ದುರ್ಬಲವಾದದ್ದು ಮೇಲೆ ಕೆಳಗೆ ತಡೆಯೋ ಗೋಡೆ. ನೀರು ಹರಿಯೋ ಕೊಳವೆಗಳು ಅದೇ ದಿಕ್ಕಲ್ಲಿ ಇರೋದ್ರಿಂದ ಕೊಳೆತ ಕೂಡ ಉದ್ದಕ್ಕೇ ಓಡುತ್ತೆ.

ಇದನ್ನ ಓದ್ತಿದ್ದ ಹಾಗೆ ಹಿತ್ತಲಿನ ಆ ಕಪ್ಪು ಚುಕ್ಕೆಗಳು ಕಣ್ಣಮುಂದೆ ಬಂದ್ವು. ಸ್ಪೈಕ್ ಹಾಕಿದವನು ಮೇಲಕ್ಕೆ ತಾನೇ ಹತ್ತೋದು? ಒಂದರ ಮೇಲೊಂದು, ಅಡಿಗೊಂದು, ಮರ ತಡೆಯೋಕೆ ಅತಿ ಕಷ್ಟಪಡೋ ಅದೇ ದಿಕ್ಕಲ್ಲಿ ಸಾಲಾಗಿ.

ಮಾರನೇ ದಿನ ಅಪ್ಪಂಗೆ ವಿಡಿಯೋ ಕಳಿಸಿ ಫೋನ್ ಮಾಡಿದೆ. ಬೈತಾರೆ ಅಂತಲೇ ಅಂದ್ಕೊಂಡಿದ್ದೆ. ಹಲಸಿನ ಮರಕ್ಕೆ ಉಯ್ಯಾಲೆ ಕಟ್ಟೋಕೆ ಅಂತ ನಾನೊಂದು ಮೊಳೆ ಹೊಡೆದಿದ್ದಕ್ಕೆ ಬಾರುಕೋಲು ತಗೊಂಡು ತೋಟದ ತುದಿ ತನಕ ಓಡಿಸಿದ ಮನುಷ್ಯ. ಆದ್ರೆ ಅವರು ಮೊದಲು ಕೇಳಿದ್ದು, "ಹುಡುಗ ಸಮಾ ಇಳಿದ್ನಾ?" ಎರಡನೇದು, "ಅವಂಗೆ ಚಾ ಕೊಟ್ಯಾ?"

ಕೊಟ್ಟಿರಲಿಲ್ಲ. ಕರೆಂಟ್ ಇರಲಿಲ್ಲ ಅಂದೆ. ಗ್ಯಾಸ್ ಸ್ಟವ್ ಇತ್ತು ಅನ್ನೋದನ್ನ ಹೇಳಲಿಲ್ಲ.

ಅಡಿಕೆ ತೋಟದವರಿಗೆ ಮರ ಹತ್ತೋರು ಅಂದ್ರೆ ಏನು ಅಂತ ಬೇರೆಯವರಿಗೆ ಹೇಳೋದು ಕಷ್ಟ. ಕೊನೆಗೌಡ ಬಂದ ಅಂದ್ರೆ ಮನೆಗೆ ಬೀಗರು ಬಂದ ಹಾಗೆ. ನಮ್ಮ ಕೊನೆಗೌಡ ಕಾಲಿಗೆ ತಳೆ ಹಾಕ್ಕೊಂಡು, ಬರಿಗಾಲಲ್ಲಿ ಅಡಿಕೆ ಮರ ಹತ್ತಿ, ಮೇಲೆ ಮಣೆ ಸಿಕ್ಕಿಸಿ ಕೂತು ಕೊನೆ ಕೊಯ್ದು, ಹಗ್ಗದಲ್ಲಿ ಕೆಳಗೆ ಬಿಡ್ತಿದ್ದ. ಕೆಳಗೆ ನೇಣು ಹಿಡಿದವರು ಆ ಗೊನೆಯನ್ನ ಜಾರಿಸಿಕೊಳ್ತಿದ್ರು. ಆ ಮರದ ಕೆಲಸ ಮುಗಿದ ಮೇಲೆ ಅವ ಇಳೀತಿರಲಿಲ್ಲ. ಮರವನ್ನೇ ತೂಗಿ, ಬಾಗಿಸಿ, ಪಕ್ಕದ ಮರ ಹಿಡ್ಕೊಂಡು ದಾಟ್ತಿದ್ದ. ಮಳೆಗಾಲದಲ್ಲಿ ಜಾರೋ ಮರ ಹತ್ತಿ ಬೋರ್ಡೋ ದ್ರಾವಣ ಹೊಡೆಯೋದೂ ಅವನೇ. ಆ ಕಾಲದಲ್ಲಿ ನಮ್ಮ ಮರಗಳ ಮೈಮೇಲೆ ಒಂದು ಗೀರು ಇರಲಿಲ್ಲ. ಮರದ ಚರ್ಮ ಉಳಿದಿದ್ದು ಅವನ ಅಂಗಾಲಿನ ಚರ್ಮದ ಮೇಲೆ ಅಂತ ಆಗ ನನಗೆ ಹೊಳೆದಿರಲಿಲ್ಲ. ಅವನ ಪಾದದ ಇಕ್ಕೆಲದಲ್ಲೂ ಒಣಗಿದ ತೊಗಟೆಯಂಥ ದಪ್ಪ ಚರ್ಮ ಕಟ್ಟಿತ್ತು.

ಅಪ್ಪ ಆವತ್ತು ನನಗೆ ಗೊತ್ತಿರದ ಒಂದು ಸಂಗತಿ ಹೇಳಿದ್ರು. ಮನೆ ಹಿಂದೆ ಅಜ್ಜ ನೆಟ್ಟ ಒಂದು ತೆಂಗಿನ ಮರ ಇತ್ತು. ಅಡಿಕೆ ಮರ ತೆಳ್ಳಗೆ, ತೆಂಗು ದಪ್ಪ. ಕೊನೆಗೌಡಂಗೆ ವಯಸ್ಸಾಯ್ತು, ಮೊಣಕಾಲು ಹಿಡೀತು. ಎರಡು ಮೆಟ್ಟಿಲು ಕಡ್ಕೊಳ್ಲಾ ಅಂತ ಅವನೇ ಕೇಳಿದ. ಅಪ್ಪ ಒಂದು ದಿನ ಯೋಚನೆ ಮಾಡಿ ಹೂಂ ಅಂದ್ರು. ಅವ ಕತ್ತಿಯಲ್ಲಿ ಎಡಕ್ಕೊಂದು ಬಲಕ್ಕೊಂದು ಕಚ್ಚು ಕಡಿದ. ಎರಡು ಎರಡಾಗಿ ತುದಿ ತನಕ ಹೋಯ್ತು.

ತೆಂಗು, ಅಡಿಕೆ, ಈಚಲು, ಇವಕ್ಕೆ ಕ್ಯಾಂಬಿಯಂ ಇಲ್ಲ. ಓಕ್ ಮರ ಗೋಡೆ ಕಟ್ಟಿ ಹೊರಗೆ ಬೆಳೆದು ತೂತನ್ನ ನುಂಗಿಬಿಡಬಹುದು, ತೆಂಗಿನ ಮರಕ್ಕೆ ಆ ದಾರಿಯೇ ಇಲ್ಲ. ಇವತ್ತು ಕಡಿದ ಕಚ್ಚು ನಲವತ್ತು ವರ್ಷದ ಮೇಲೂ ಅಷ್ಟೇ ಬಾಯಿ ತೆರೆದುಕೊಂಡಿರುತ್ತೆ. ಕುಮಟಾ ಕಡೆ ಹೋದಾಗ ನೋಡಿ, ಹಳೇ ತೆಂಗಿನ ಮರಗಳ ಮೇಲೆ ಆ ಮೆಟ್ಟಿಲುಗಳು ಹಾಗೇ ಇವೆ. ಮಳೆನೀರು ನಿಲ್ಲುತ್ತೆ. ಕೆಂಪುಮೂತಿ ಹುಳಕ್ಕೆ ಗಾಯದ ವಾಸನೆ ಇಷ್ಟ. ನಮ್ಮ ಮರಕ್ಕೂ ಕೆಲವು ವರ್ಷದ ಮೇಲೆ ಅದು ಬಂತು. ಕಾಂಡದಿಂದ ಕಂದು ರಸ ಸೋರಿ, ನಾರಿನ ಹಿಂಡಿ ಹೊರಗೆ ಬಂದು, ಒಂದು ದಿನ ಸುಳಿ ವಾಲಿಬಿಡ್ತು.

"ಮೆಟ್ಟಿಲಿಂದಲೇ ಬಂತು ಅಂತ ಹೇಳೋಕಾಗಲ್ಲ ಬಿಡು," ಅಂದ್ರು ಅಪ್ಪ. "ಬೇರೆ ಮರಕ್ಕೂ ಬಂದಿತ್ತು. ಆದ್ರೆ ಅವ ಆ ಮರದಿಂದ ಬೀಳಲಿಲ್ಲ."

ಈಗ ನಮ್ಮ ಕಡೆ ಹತ್ತೋರೇ ಇಲ್ಲ. ಉದ್ದದ ಫೈಬರ್ ದೋಟಿ ಬಂದಿದೆ, ನೆಲದ ಮೇಲೆ ನಿಂತು ಕತ್ತೆತ್ತಿ ಕೊಯ್ತಾರೆ. ಬಂಟ್ವಾಳದ ಕೃಷಿಕರೊಬ್ಬರು ಮಾಡಿದ ಮರ ಹತ್ತೋ ಬೈಕಿನ ವಿಡಿಯೋ ನೀವೂ ನೋಡಿರ್ತೀರಿ. ಮನುಷ್ಯನ ಕಾಲಿಗೂ ಮರದ ಮೈಗೂ ಪೆಟ್ಟಾಗದ ದಾರಿಗಳು ಇದ್ದೇ ಇವೆ. ದೋಟಿಗೆ ಸಾವಿರಗಟ್ಟಲೆ ದುಡ್ಡು, ಹಿಡಿಯೋಕೆ ಅಭ್ಯಾಸ ಬೇಕು, ಅಷ್ಟೇ.

ಜುಲೈ ಬಂತು. ಓಕ್ ಸವರೋಕೆ ಅನುಮತಿ ಇರೋ ಕಾಲ, 40 ಡಿಗ್ರಿ ಸುಡುಬಿಸಿಲು. ಐಸ್‌ನಲ್ಲಿ ಅರ್ಧ ಮುರಿದು ಒಣಗಿದ ಕೊಂಬೆಗಳು ಇನ್ನೂ ಮೇಲಿದ್ವು. ಈ ಸಲ ಐಎಸ್ಎ ಸರ್ಟಿಫಿಕೇಟ್ ಇರೋ ಒಬ್ಬರನ್ನ ಕರೆಸಿದೆ, 1,400 ಡಾಲರ್. ಐವತ್ತು ದಾಟಿದ ಮನುಷ್ಯ, ಜೊತೆಗೊಬ್ಬ ಸಹಾಯಕ. ಮೊದಲ ಒಂದು ಗಂಟೆ ಅವರು ಮರ ಹತ್ತಲೇ ಇಲ್ಲ. ಸುತ್ತು ಹಾಕಿದ್ರು, ಬುಡದ ಮಣ್ಣು ಕೆದಕಿದ್ರು, ದುರ್ಬೀನು ಹಾಕಿ ನೋಡಿದ್ರು. ಆಮೇಲೆ ಆಳೆತ್ತರದ ಒಂದು ಕವಣೆ ತೆಗೆದ್ರು. ಅಂಗೈಯಷ್ಟು ದೊಡ್ಡ ತೂಕದ ಚೀಲಕ್ಕೆ ತೆಳ್ಳಗಿನ ದಾರ ಕಟ್ಟಿ ಒಂದು ಕವಲಿಗೆ ಗುರಿ ಇಟ್ಟು ಹೊಡೆದ್ರು. ತಪ್ಪಿತು. ಇನ್ನೊಂದು ಸಲ, ತಪ್ಪಿತು. ಮೂರನೇದೂ ತಪ್ಪಿತು. ಗಂಟೆಗಿಷ್ಟು ಅಂತ ದುಡ್ಡು ಕೊಡ್ತಿಲ್ಲವಲ್ಲ ಅಂತ ಸಮಾಧಾನ ಮಾಡ್ಕೊಂಡೆ. ನಾಲ್ಕನೇದು ಕೂತಿತು. ದಾರದ ಹಿಂದೆ ಹಗ್ಗ ಎಳೆದು, ಅದಕ್ಕೆ ಇಬ್ಬರೂ ಒಟ್ಟಿಗೆ ಜೋತುಬಿದ್ದು ಜಗ್ಗಿದ್ರು. ಕೊಂಬೆ ಮಿಸುಕಲಿಲ್ಲ.

ಆ ಹುಡುಗನ ಪ್ರಶ್ನೆಗೆ ಒಂದು ಉತ್ತರ ಇತ್ತು ಅಂತಾಯ್ತು. ಯಾವ ಕೊಂಬೆ ಗಟ್ಟಿ ಅಂತ ಕಣ್ಣಲ್ಲಿ ನೋಡಿ ನಂಬೋದಲ್ಲ, ನೆಲದ ಮೇಲಿಂದ ಇಬ್ಬರ ಭಾರ ಹಾಕಿ ಕೇಳೋದು. ಅದಕ್ಕೆ ಒಂದು ಗಂಟೆ ಬೇಕು. ಫೆಬ್ರವರಿಯ ಆ ದಿನ ಅವರಿಗೆ ಇನ್ನೂ ಐದು ಮನೆ ಇತ್ತು, ನನಗೆ ಅವಸರ ಇತ್ತು.

ಮೆತ್ತನೆಯ ಬೂಟು ಹಾಕ್ಕೊಂಡು, ಹಗ್ಗದ ಮೇಲೆ ಕೂತು ಅವರು ಮೇಲೆ ಹೋದ್ರು. ಮಣೆ ಮೇಲೆ ಕೂತ ಕೊನೆಗೌಡನ ನೆನಪಾಯ್ತು. ಮೇಲಿಂದ ಕೂಗಿದ್ರು, "ಇದು ಯಾರು ಮಾಡಿದ್ದು?"

"ಏನು?"

"ಕಪ್ಪು ಚುಕ್ಕೆ. ಇಲ್ಲಿ ಮೇಲೆ ಇನ್ನೂ 17 ಇವೆ."

ಇಳಿದ ಮೇಲೆ ನೀರು ಕುಡೀತಾ ಕೂತಾಗ ಎಲ್ಲ ಹೇಳಿದೆ. ಆವತ್ತು ನೀವಾಗಿದ್ರೆ ಏನು ಮಾಡ್ತಿದ್ರಿ ಅಂತ ಕೇಳಿದೆ. ಅವರು ಸುಮಾರು ಹೊತ್ತು ಮೇಲೆ ನೋಡ್ತಾ ಕೂತ್ರು. ಬಕೆಟ್ ಇರೋ ಲಿಫ್ಟ್ ಟ್ರಕ್ ಈ ಗೇಟಲ್ಲಿ ಬರಲ್ಲ. ಪಕ್ಕದವರ ಮರ ಗಟ್ಟಿ ಇದ್ರೆ ಅದಕ್ಕೆ ಹಗ್ಗ ಹಾಕಿ ಇಲ್ಲಿಗೆ ದಾಟಬಹುದಿತ್ತು. ಇಲ್ಲಾಂದ್ರೆ ಮಗಳನ್ನ ಬೇರೆ ರೂಮಲ್ಲೇ ಮಲಗಿಸಿ ಎಂದು ಹೇಳಿ ಐಸ್ ಪೂರ್ತಿ ಕರಗಿ ಮರ ಹಗುರ ಆಗೋ ತನಕ ಕಾಯ್ತಿದ್ದೆ. ಯಾವುದೂ ಆಗದಿದ್ರೆ ನಾನೂ ಸ್ಪೈಕ್ ಹಾಕ್ಕೊಳ್ತಿದ್ದೆನೇನೋ ಅಂದ್ರು. ಸ್ಪೈಕ್‌ನಿಂದ ಹತ್ತೋನಿಗೆ ಅಪಾಯ ಇಲ್ಲ ಅಂದ್ಕೋಬೇಡ, ಮುಳ್ಳು ಕಿತ್ತು ಬಂದ್ರೆ ಮರ ಉಜ್ಜಿಕೊಂಡು ಜಾರ್ತಾನೆ, ಒಳತೊಡೆಯಿಂದ ಎದೆ ತನಕ ಚರ್ಮ ಇರಲ್ಲ ಅಂತ ತಮ್ಮ ಹಳೇ ಗಾಯದ ಗುರುತು ತೋರಿಸಿದ್ರು. ಆಮೇಲೆ ಕಾಂಡದ ಹತ್ರ ಹೋಗಿ ಒಂದು ಚುಕ್ಕೆ ಉಗುರಲ್ಲಿ ಕೆರೆದ್ರು.

"ಕೆಳಗಿನ ಈ 14ರ ಬಗ್ಗೆ ನಂಗೆ ಅಷ್ಟು ಚಿಂತೆ ಇಲ್ಲ. ಹಳೇ ಕಾಂಡ, ದಪ್ಪ ತೊಗಟೆ. ಅರ್ಧಕ್ಕರ್ಧ ಒಳಗೆ ತಾಗೇ ಇಲ್ಲ. ಮೇಲಿನ ಕೊಂಬೆಗಳ ತೊಗಟೆ ತೆಳ್ಳಗೆ. ಅಲ್ಲಿನ ಹದಿನೇಳೂ ಮರದ ತನಕ ಹೋಗಿವೆ. ಅಲ್ಲಿಗೆ ಅವನು ಯಾಕೆ ಹೋದ? ಅಲ್ಲೇನೂ ಮುರಿದಿರಲಿಲ್ಲವಲ್ಲ?"

ಬಿಸಿಲಿಗೆ ಅಂತ ಹೇಳೋಕೆ ನಾಚಿಕೆ ಆಯ್ತು. ಆದ್ರೂ ಹೇಳಿದೆ. ಅವರು ಏನೂ ಅನ್ನಲಿಲ್ಲ, ಹಣೆಯ ಬೆವರು ಒರೆಸಿಕೊಂಡ್ರು. ಜುಲೈ ತಿಂಗಳ ಆಸ್ಟಿನ್‌ನಲ್ಲಿ ನೆರಳು ಕಡಿಸಿ ಬಿಸಿಲು ತರಿಸಿಕೊಂಡವನನ್ನ ನೋಡಿ ಅನ್ನೋದಾದ್ರೂ ಏನು?

ಈ ವಿಷಯ ಸ್ನೇಹಿತರ ಹತ್ರ ಹೇಳಿದಾಗ ಎರಡು ಥರದ ಮಾತು ಬರುತ್ತೆ. ಒಂದು, ಮರ ತಾನೇ, ನಾಲ್ಕು ತೂತಿಗೆ ಏನಾಗುತ್ತೆ, ಮರಕುಟಿಗ ದಿನಾ ಕುಟ್ಟಲ್ವಾ ಅಂತ. ಇನ್ನೊಂದು, ಆ ಕೂಲಿಯವರಿಗೆ ಬುದ್ಧಿ ಇಲ್ಲ, ಬ್ಯಾನ್ ಮಾಡ್ಬೇಕು ಅಂತ. ಎರಡಕ್ಕೂ ನನಗೆ ಸಿಟ್ಟು ಬರುತ್ತೆ, ಎರಡನೇದಕ್ಕೆ ಜಾಸ್ತಿ. ಸವರೋಕೆ ಸ್ಪೈಕ್ ಬೇಡ ಅನ್ನೋ ನಿಯಮ ಸರಿಯಾಗೇ ಇದೆ, ಅದರ ವಿನಾಯಿತಿಗಳೂ ಸರಿಯಾಗೇ ಇವೆ. ಮೊದಲ ಕೊಂಬೆಯ ಹೊತ್ತಲ್ಲಿ ಹುಡುಗ ಆ ವಿನಾಯಿತಿಯ ಒಳಗೇ ಇದ್ದ ಅಂತ ವಾದ ಮಾಡಬಹುದು, ನಾನೂ ಮಾಡ್ತೀನಿ. ಅದರ ಬೆನ್ನ ಹಿಂದೆ ಅಂಗಳದ ಬಿಸಿಲನ್ನ ತೂರಿಸಿದವನು ಅವನಲ್ಲ. ಅವನಿಗೆ ಇಳಿಯೋದಿತ್ತು. ಅವನು ಇಳೀತಾನೇ ಇದ್ದ.

ಮರ ಸತ್ತಿಲ್ಲ. ಸತ್ತಿದ್ರೆ ಈ ಬರಹ ಬೇರೆ ಥರ ಇರ್ತಿತ್ತು. ಲೈವ್ ಓಕ್ ಗೋಡೆ ಕಟ್ಟೋದರಲ್ಲಿ ಜಾಣ ಮರ ಅಂತೆ. ಆ ವರ್ಷ ಬೇಸಿಗೆಯೆಲ್ಲ ಬೆಳಗ್ಗೆ ಕಾಫಿ ಹಿಡ್ಕೊಂಡು ಉದುರಿದ ಎಲೆ ಹೆಕ್ಕಿ ನೋಡ್ತಿದ್ದೆ. ಓಕ್ ವಿಲ್ಟ್ ಬಂದ್ರೆ ಎಲೆಯ ನರಗಳ ಗುಂಟ ಹಳದಿ, ಆಮೇಲೆ ಕಂದು ಬಣ್ಣ ಬರುತ್ತೆ. ಬರಲಿಲ್ಲ. ಟೀಚರಮ್ಮನೂ ಬೇಲಿ ಆಚೆ ಅದೇ ಕೆಲಸ ಮಾಡ್ತಿದ್ದದ್ದನ್ನ ಎರಡು ಸಲ ನೋಡಿದೆ. ಇಬ್ಬರೂ ನೋಡದ ಹಾಗೆ ಒಳಗೆ ಹೋದ್ವಿ. ಅಕ್ಟೋಬರ್‌ನಲ್ಲಿ ಅವರಿಗೊಂದು ಹೊಸ ಪೇಂಟ್ ಡಬ್ಬ ತಗೊಂಡು ಹೋಗಿ ಕೊಟ್ಟೆ. ಅವರು ಪೀಕನ್ ಪೈ ಕೊಟ್ರು.

ಮೊನ್ನೆ ಏಣಿ ಹಾಕಿ ಮತ್ತೆ ನೋಡಿದೆ. ಕಾಂಡದ ಮೇಲಿನ ಸುಮಾರು ತೂತುಗಳ ಸುತ್ತ ಮರ ಉಬ್ಬಿ ದಪ್ಪ ಅಂಚು ಕಟ್ಟಿದೆ, ಥೇಟ್ ಉದ್ದಿನ ವಡೆ. ಮಗಳು ಅವನ್ನ ವಡೆ ಅಂತಲೇ ಕರೀತಾಳೆ. ಕೆಲವು ವಡೆಯ ತೂತು ಪೂರ್ತಿ ಮುಚ್ಚಿದೆ. ಮೇಲಿನದು ನನಗೆ ಏಣಿಯಲ್ಲಿ ಸಿಗಲ್ಲ, ಜುಲೈನಲ್ಲಿ ಹಗ್ಗದವರು ಬಂದಾಗ ನೋಡಿ ಹೇಳ್ತಾರೆ. ಕಾಂಡದಲ್ಲಿ ಕೆಳಗಿಂದ ಹನ್ನೊಂದನೇದು ಮಾತ್ರ ಇನ್ನೂ ತೇವ ಇದೆ, ಇರುವೆ ಸಾಲು ಒಳಗೆ ಹೋಗಿ ಹೊರಗೆ ಬರ್ತಾ ಇತ್ತು. ಮಗಳು ಕೆಳಗಿಂದ ಏಣಿ ಹಿಡ್ಕೊಂಡು, "ಅದರೊಳಗೆ ಏನಿದೆ ಅಪ್ಪಾ?" ಅಂತ ಕೇಳ್ತಾನೇ ಇದ್ಲು.